ರಕ್ತಹೀನತೆ: ಕಬ್ಬಿಣಾಂಶದ ಮಾತ್ರೆ ಹೇಗೆ, ಎಲ್ಲಿಯವರೆಗೆ?

ನಮ್ಮ ಕರಾವಳಿಯ ಚರ್ಚ್‌ಗಳಿಂದ ಪ್ರಕಟಣೆಗಾಗಿ ಬರುವ ವರದಿಗಳಲ್ಲಿ ರಕ್ತದಾನ ಶಿಬಿರದ ಸುದ್ದಿ ಇಲ್ಲದ ತಿಂಗಳು ಕಡಿಮೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚ್ ಸಭಾಂಗಣದಲ್ಲಿ ಯುವ ಸಂಘಟನೆಯವರೂ ಕಥೋಲಿಕ್ ಸಭಾದವರೂ ಸೇರಿ ಶಿಬಿರ ನಡೆಸುತ್ತಾರೆ. ಇಷ್ಟು ಯೂನಿಟ್ ರಕ್ತ ಸಂಗ್ರಹವಾಯಿತು ಎಂದು ಕೊನೆಯಲ್ಲಿ ಬರೆಯುತ್ತಾರೆ. ಸಂತೋಷದ ವಿಷಯವೇ. ಆದರೆ ಸಾಲಿನಲ್ಲಿ ನಿಂತು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ‘ನಿಮಗೇ ರಕ್ತ ಸಾಲದು’ ಎಂದು ಹೇಳಿಸಿಕೊಂಡು ಹಿಂದೆ ಹೋದವರ ಲೆಕ್ಕ ಆ ವರದಿಗಳಲ್ಲಿ ಇರುವುದಿಲ್ಲ. ಅವರಲ್ಲಿ ಹೆಚ್ಚಿನವರು ಯುವತಿಯರು ಮತ್ತು ತಾಯಂದಿರು. ಈ ಬರಹ ಅವರಿಗಾಗಿ. ಅವರ ಮನೆಗಳಿಗೆ ಹೋಗಿಬರುವ ಗುರಿಕಾರರು, ಧರ್ಮಭಗಿನಿಯರು ಹಾಗೂ ಸ್ತ್ರೀ ಸಂಘಟನೆಯ ಸದಸ್ಯೆಯರಿಗಾಗಿ ಕೂಡ.

ರಕ್ತ ಕೊಡಲು ಹಿಮೋಗ್ಲೋಬಿನ್ ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ ಇರಬೇಕೆಂಬುದು ನಮ್ಮ ದೇಶದ ನಿಯಮ. 12.2 ಇದ್ದವಳನ್ನು ಹಿಂದೆ ಕಳುಹಿಸಿದರೆ ಅವಳಿಗೆ ಕಾಯಿಲೆ ಇದೆ ಎಂದರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ಸ್ತ್ರೀಗೆ 12ಕ್ಕಿಂತ, ಪುರುಷನಿಗೆ 13ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ಗರ್ಭಿಣಿಗೆ ಸಾಮಾನ್ಯವಾಗಿ 11 ಎಂಬ ಗಡಿಯನ್ನು ಹಿಡಿಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅದೇ ವಯಸ್ಸಿನ ಪುರುಷರಲ್ಲಿ ಶೇ. 25. ಈ ಅಂತರಕ್ಕೆ ಮುಖ್ಯ ಕಾರಣ ಪ್ರತಿ ತಿಂಗಳ ಮುಟ್ಟು, ಗರ್ಭ, ಹೆರಿಗೆ. ಮನೆಮಂದಿಯೆಲ್ಲ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವ ತಾಯಂದಿರ ಅಭ್ಯಾಸವನ್ನೂ ಇದಕ್ಕೆ ಸೇರಿಸಬೇಕೆಂದು ನಮಗೆ ಅನಿಸುತ್ತದೆ.

ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ಉಸಿರಿನಿಂದ ಬಂದ ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುವುದು ಅದೇ. ಕಬ್ಬಿಣ ಕಡಿಮೆಯಾದಾಗ ದೇಹ ಮೊದಲು ತನ್ನ ದಾಸ್ತಾನಿನಿಂದ ತೆಗೆದು ಖರ್ಚು ಮಾಡುತ್ತದೆ; ದಾಸ್ತಾನು ಬರಿದಾದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಾರಣವಿಲ್ಲದ ಸುಸ್ತು, ತಲೆಸುತ್ತು, ಕೆಲವರಿಗೆ ಮಣ್ಣು ಅಥವಾ ಹಸಿ ಅಕ್ಕಿ ತಿನ್ನುವ ಆಸೆ, ಇವೆಲ್ಲ ಅದರ ಲಕ್ಷಣಗಳು. ಗರ್ಭಿಣಿಯಲ್ಲಿ ಇದು ಕೇವಲ ಸುಸ್ತಿನ ಮಾತಲ್ಲ. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ. ಮೊದಲೇ ರಕ್ತ ಕಡಿಮೆ ಇರುವ ತಾಯಿಗೆ ಅಷ್ಟೇ ರಕ್ತಸ್ರಾವ ಪ್ರಾಣಕ್ಕೆ ಕುತ್ತಾಗಬಹುದು. ಮಗು ಅವಧಿಗೆ ಮುನ್ನ, ಕಡಿಮೆ ತೂಕದಲ್ಲಿ ಹುಟ್ಟುವ ಸಂಭವವೂ ಹೆಚ್ಚು.

‘ಸೊಪ್ಪು ತಿಂದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಹರಿವೆ, ನುಗ್ಗೆಸೊಪ್ಪು, ಹುರುಳಿ, ರಾಗಿ ಎಲ್ಲವೂ ಒಳ್ಳೆಯವೇ. ಮೀನು, ಮಾಂಸ, ಮರುವಾಯಿಯಲ್ಲಿರುವ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಆದರೆ ಇವು ಕೊರತೆ ಬಾರದಂತೆ ನೋಡಿಕೊಳ್ಳಲು. ಬಂದ ಕೊರತೆಯನ್ನು ಊಟದಿಂದಲೇ ತುಂಬಿಸುವುದು ಕಷ್ಟ. ಬೀಟ್ರೂಟ್ ಕೆಂಪಾಗಿದೆ ಎಂಬ ಕಾರಣಕ್ಕೆ ಅದು ರಕ್ತ ಹೆಚ್ಚಿಸುತ್ತದೆ ಎನ್ನುವುದಂತೂ ಬಣ್ಣ ನೋಡಿ ಮಾಡಿದ ತೀರ್ಮಾನ.

ಮಾತ್ರೆ ಸರಕಾರದಿಂದ ಉಚಿತವಾಗಿ ಸಿಗುತ್ತದೆ. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದ ಪ್ರಕಾರ ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ಕೆಂಪು ಮಾತ್ರೆ, ಕನಿಷ್ಠ 180 ದಿನ. ಹೆರಿಗೆಯ ನಂತರ ಪುನಃ 180 ದಿನ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಇದು ರಕ್ತಹೀನತೆ ಬಾರದಿರಲಿ ಎಂದು. ರಕ್ತಹೀನತೆ ಇದ್ದರೆ ಗರ್ಭಿಣಿಗೆ ದಿನಕ್ಕೆ ಎರಡು ಮಾತ್ರೆ ಕೊಡುತ್ತಾರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸುತ್ತಾರೆ. 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ, 5ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಮಾತ್ರೆ. ಚಪ್ಪಲಿಯಿಲ್ಲದೆ ತೋಟದಲ್ಲಿ ಓಡಾಡುವವರ ಪಾದದ ಚರ್ಮದಿಂದ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳುವಿಗಾಗಿ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳುವಿನ ಮಾತ್ರೆಯನ್ನೂ ಕೊಡುತ್ತಾರೆ. ಅದನ್ನು ತಪ್ಪಿಸಬಾರದು.

ಮಾತ್ರೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ನಿಜವಾದ ತೊಂದರೆ ಇರುವುದು ಇಲ್ಲಿ. ನುಂಗಿದ ಕೂಡಲೇ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ, ಮಲ ಕಪ್ಪಾಗುತ್ತದೆ. ಯಾರೂ ಮೊದಲೇ ಹೇಳದಿದ್ದರೆ ಹೆದರಿಕೆಯಾಗದೆ ಇದ್ದೀತೇ? ಮಲ ಕಪ್ಪಾಗುವುದು ಹೀರಿಕೆಯಾಗದೆ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಡಾಮರಿನಂತೆ ಅಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಈ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ತೀರಾ ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಇದನ್ನು ಸೊಸೆಗಿಂತ ಮೊದಲು ಅತ್ತೆಗೆ ಹೇಳುವುದು ಲೇಸು.

ಖಾಲಿ ಹೊಟ್ಟೆಯಲ್ಲಿ ಅಥವಾ ಊಟವಾಗಿ ಎರಡು ಗಂಟೆಯ ನಂತರ ನೀರಿನೊಂದಿಗೆ, ಬೇಕಿದ್ದರೆ ಲಿಂಬೆ ಶರಬತ್ತಿನೊಂದಿಗೆ ತೆಗೆದುಕೊಂಡರೆ ಹೆಚ್ಚು ಹೀರಿಕೆಯಾಗುತ್ತದೆ. ಹೊಟ್ಟೆ ತಡೆಯದಿದ್ದರೆ ಊಟದ ನಂತರ ತೆಗೆದುಕೊಂಡರೂ ಆದೀತು. ಬಿಡುವುದಕ್ಕಿಂತ ಅದು ಮೇಲು. ಚಹಾ, ಕಾಫಿ, ಹಾಲು ಇವುಗಳಿಂದ ಒಂದೆರಡು ಗಂಟೆಯ ಅಂತರವಿರಲಿ. ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿ ಕೆಲಸ ಮುಗಿಸುವವರು ಬಹಳ, ಆದರೆ ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ. ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ ಆಗಲಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು.

ಒಂದು ದಿನ ಕಬ್ಬಿಣ ನುಂಗಿದರೆ ದೇಹದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣ ಕಡಿಮೆಯಿದ್ದ ಯುವತಿಯರಿಗೆ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೆಚ್ಚು ಹೀರಿಕೆಯಾಯಿತೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಆದುದರಿಂದ ದಿನವೂ ತೆಗೆದುಕೊಳ್ಳಲಾಗದವರು ವೈದ್ಯರೊಡನೆ ಇದನ್ನು ಕೇಳಿ ನೋಡಬಹುದು. ಗರ್ಭಿಣಿಯರು ತಾವಾಗಿ ಬದಲಾಯಿಸುವುದು ಬೇಡ.

ಮೂರು ವಾರದಲ್ಲಿ ಸುಸ್ತು ಕಡಿಮೆಯಾದಾಗ ಮಾತ್ರೆ ನಿಲ್ಲಿಸುವುದು ಇನ್ನೊಂದು ತಪ್ಪು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ದಾಸ್ತಾನು ತುಂಬುತ್ತದೆ. ತಿಂಗಳು ಸರಿಯಾಗಿ ತೆಗೆದುಕೊಂಡರೂ ಒಂದು ಗ್ರಾಂ ಕೂಡ ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಥಲಸ್ಸೀಮಿಯಾದಂತಹ ವಂಶವಾಹಿ ತೊಂದರೆಯಲ್ಲಿ ಕಬ್ಬಿಣ ಕೊಡುವುದರಿಂದ ಹಾನಿಯೂ ಆಗಬಹುದು. ಗಂಡಸರಲ್ಲಿ, ಮುಟ್ಟು ನಿಂತ ಸ್ತ್ರೀಯರಲ್ಲಿ ರಕ್ತ ಕಡಿಮೆಯಾದರೆ ಟಾನಿಕ್ ಬಾಟಲಿ ತರುವುದಲ್ಲ, ಹೊಟ್ಟೆಯ ಹುಣ್ಣು, ಮೂಲವ್ಯಾಧಿ ಅಥವಾ ಕರುಳಿನ ಕ್ಯಾನ್ಸರಿನಿಂದ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮಾತ್ರೆಯನ್ನು ನಂಬಿ ಕುಳಿತುಕೊಳ್ಳದೆ ಆಸ್ಪತ್ರೆಗೆ ಹೋಗಬೇಕು.

ಭಾನುವಾರ ಪರಮ ಪ್ರಸಾದ ಸ್ವೀಕರಿಸಬೇಕೆಂದು ಬೆಳಗಿನ ಮಾತ್ರೆ ಬಿಡುವವರಿದ್ದಾರೆ. ಇದು ಅಗತ್ಯವಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ಕಾನೂನು ಒಂದು ಗಂಟೆಯ ಉಪವಾಸ ಹೇಳುವಾಗಲೇ ನೀರು ಮತ್ತು ಔಷಧವನ್ನು ಹೊರತುಪಡಿಸಿದೆ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಉಪವಾಸಕ್ಕೂ ಗರ್ಭಿಣಿಯರು, ರೋಗಿಗಳು ಕಟ್ಟುಬಿದ್ದವರಲ್ಲ. ತಪಸ್ಸು ಕಾಲದ ನಲ್ವತ್ತು ದಿನವೂ ಮೀನು, ಮಾಂಸ ಬಿಡುವ ರಕ್ತಹೀನ ತಾಯಂದಿರು, ಏನನ್ನಾದರೂ ಬಿಡಲೇಬೇಕೆಂದಿದ್ದರೆ ಊಟದ ಜೊತೆಗಿನ ಚಹಾ ಬಿಡಲಿ.

ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಮಿಠಾಯಿಯಂತೆ ಕಾಣುತ್ತದೆ. ಹತ್ತು ಕಿಲೋ ತೂಕದ ಮಗು ಹತ್ತು ಮಾತ್ರೆ ನುಂಗಿದರೆ ಜೀವಕ್ಕೇ ಅಪಾಯ. ನಾಲ್ಕೈದು ನುಂಗಿದರೂ ವಾಂತಿಗಾಗಿ ಕಾಯದೆ ಆಸ್ಪತ್ರೆಗೆ ಓಡಬೇಕು. ಎತ್ತರದ ಕಪಾಟಿನಲ್ಲಿ ಇಡಿ.

ಶಿಬಿರ ನಡೆಸುವವರಲ್ಲಿ ಒಂದು ವಿನಂತಿ: ರಕ್ತ ಸಾಲದೆಂದು ಹಿಂದೆ ಹೋಗುವವರಿಗಾಗಿ ಬಾಗಿಲ ಬಳಿ ಒಂದು ಮೇಜು ಇಡಿ. ಅಲ್ಲಿ ಒಬ್ಬರು ದಾದಿ ಅಥವಾ ಆಶಾ ಕಾರ್ಯಕರ್ತೆ ಕುಳಿತು ಚೀಟಿಯಲ್ಲಿ ಹಿಮೋಗ್ಲೋಬಿನ್ ಸಂಖ್ಯೆ ಬರೆದುಕೊಟ್ಟು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲು ಹೇಳಲಿ. ಆ ಹೆಸರುಗಳ ಪಟ್ಟಿ ಮಾತ್ರ ಗುರಿಕಾರರ ಸಭೆಯಲ್ಲಿ ಓದಲ್ಪಡದಿರಲಿ. ಮದುವೆಗಿರುವ ಹುಡುಗಿಯ ಹೆಸರಾದರೆ ಮುಂದಿನ ಶಿಬಿರಕ್ಕೆ ಅವಳೂ ಬರಲಾರಳು, ಅವಳ ತಾಯಿಯೂ ಬಿಡಲಾರಳು.