ಮನೋರೋಗ ಶುಶ್ರೂಷೆಯ ಉನ್ನತ ವ್ಯಾಸಂಗ

ದಾದಿಯ ವಿದ್ಯೆ ಮುಗಿಸಿ, ಮನೋರೋಗಿಗಳ ಶುಶ್ರೂಷೆಯನ್ನೇ ಮುಂದೆ ಓದಬಯಸುವ ನಮ್ಮವರ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್ ತಕ್ಕ ಸ್ಥಳ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ಆದ ಸಂಸ್ಥೆಯಿದು.

ಎಂ.ಎಸ್ಸಿ. ವ್ಯಾಸಂಗ ಎರಡು ವರ್ಷ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಬಿ.ಎಸ್ಸಿ. ನರ್ಸಿಂಗಿನಲ್ಲಿ ಶೇಕಡಾ 55 ಅಂಕ, ದಾದಿಯೆಂದು ನೋಂದಣಿ, ಕನಿಷ್ಠ ಒಂದು ವರ್ಷದ ಅನುಭವ ಬೇಕು. ಪ್ರವೇಶದ ವಿವರಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡತಕ್ಕದ್ದು.

ಅನುಭವದ ವರ್ಷವನ್ನು ಕೇವಲ ಪ್ರಮಾಣಪತ್ರಕ್ಕಾಗಿ ಕಳೆಯಬಾರದು. ಜ್ವರವನ್ನು ಥರ್ಮಾಮೀಟರು ತೋರಿಸೀತು; ರೋಗಿಯ ಭಯವನ್ನೂ ಸಂಶಯವನ್ನೂ ಅವನ ಮಾತು ನಡತೆಗಳಿಂದಲೇ ತಿಳಿಯಬೇಕು. ಸಾವಧಾನವಾಗಿ ಕೇಳುವುದನ್ನೂ, ಕಂಡದ್ದನ್ನು ಊಹೆ ಬೆರೆಸದೆ ಬರೆದಿಡುವುದನ್ನೂ ಸಾಮಾನ್ಯ ವಾರ್ಡಿನಲ್ಲಿಯೇ ಅಭ್ಯಾಸ ಮಾಡಬಹುದು. 'ಸಿಟ್ಟಿನವನು' ಎನ್ನುವುದಕ್ಕಿಂತ 'ಊಟದ ತಟ್ಟೆಯನ್ನು ಎರಡು ಸಾರಿ ದೂಡಿದ' ಎಂದು ಬರೆದರೆ ವೈದ್ಯರಿಗೆ ಹೆಚ್ಚು ಉಪಯೋಗ.

ಮನಸ್ಸಿನ ನೋವನ್ನು ಜನ ತಾಯ್ನುಡಿಯಲ್ಲಿಯೇ ತೋಡಿಕೊಳ್ಳುತ್ತಾರೆ. ಪೆರಂಬೂರಿನಲ್ಲಿ ಬೆಳೆದವರಿಗೆ ತಮಿಳೂ ಬರುತ್ತದೆ, ಮನೆಯ ಕನ್ನಡವೂ ಬರುತ್ತದೆ. ಆದರೆ ಬೇರೆ ಬೇರೆ ಜಿಲ್ಲೆಗಳಿಂದ ಬಂದ ರೋಗಿಗಳ ಮಾತು ತಿಳಿಯಲು ಮನೆಯ ಕನ್ನಡವೊಂದೇ ಸಾಲದು. ಓದಿನ ಬಳಕೆಯೂ ಬೇಕು. ಅದಕ್ಕೆ ನಮ್ಮ ವಾಚನಾಲಯದ ಬಾಗಿಲು ತೆರೆದೇ ಇದೆ, ಶುಲ್ಕವಿಲ್ಲ.