ಅಂತರ್ಜಾಲದಲ್ಲಿ ಸಮಾನ ಹಾದಿ: ಸಣ್ಣ ವರ್ತಕರಿಗೆ ಅದೇಕೆ ಮುಖ್ಯ?

ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕಾಪು ತಾಲೂಕಿನ ಹೆಜಮಾಡಿಯಲ್ಲಿರುವ ಟೋಲ್ ಗೇಟು ನಮ್ಮ ಸದಸ್ಯರೆಲ್ಲರಿಗೂ ಪರಿಚಿತ. ಅಲ್ಲಿ ಶುಲ್ಕ ನಿಗದಿಯಾಗುವುದು ವಾಹನದ ವರ್ಗವನ್ನು ನೋಡಿ. ಒಳಗಿರುವ ಸರಕು ಯಾರದೆಂದು ನೋಡಿ ಅಲ್ಲ. ಕಾರ್ಕಳದ ಗೇರುಬೀಜದ ಲಾರಿಯನ್ನು ತಡೆದು ನಿಲ್ಲಿಸಿ, ದೊಡ್ಡ ಕಂಪನಿಯ ಲಾರಿಯನ್ನು ಉಚಿತವಾಗಿ ಬಿಟ್ಟರೆ ನ್ಯಾಯವಾದ ಸ್ಪರ್ಧೆ ಉಳಿಯದು. ಅಂತರ್ಜಾಲದ ಹಾದಿಯಲ್ಲಿಯೂ ಇದೇ ನಿಯಮವಿರಬೇಕೆಂಬುದೇ 'ನೆಟ್ ನ್ಯೂಟ್ರಾಲಿಟಿ', ಅಂದರೆ ಅಂತರ್ಜಾಲ ತಟಸ್ಥತೆ. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಜನಾಭಿಪ್ರಾಯ ರೂಪುಗೊಂಡ ಬಗೆ

ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಪ್ರಕಟಿಸಿತು. ವಿರೋಧ ವ್ಯಕ್ತವಾದ ಬಳಿಕ ಹಿಂದೆಗೆಯಿತು. ಮರುವರ್ಷ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 20 ಪ್ರಶ್ನೆಗಳ ಸಮಾಲೋಚನಾ ಪತ್ರವನ್ನು ಹೊರಡಿಸಿತು. ಆಗ ಸ್ವಯಂಸೇವಕರು 'ಸೇವ್ ದಿ ಇಂಟರ್ನೆಟ್' ಎಂಬ ಅಭಿಯಾನ ಕೈಗೊಂಡು, ಕ್ಲಿಷ್ಟವಾದ ಆ ಪ್ರಶ್ನೆಗಳನ್ನು ಸರಳಗೊಳಿಸಿ ಜನರ ಮುಂದಿಟ್ಟರು. ಫಲವಾಗಿ ಪ್ರಾಧಿಕಾರಕ್ಕೆ 10 ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ತಲುಪಿದವು. ಆಯ್ದ ಆ್ಯಪ್‌ಗಳನ್ನು ಗ್ರಾಹಕರಿಗೆ ಉಚಿತವಾಗಿ ಒದಗಿಸುವ 'ಏರ್‌ಟೆಲ್ ಜೀರೋ' ಯೋಜನೆಯ ಕುರಿತ ಮಾತುಕತೆಯಿಂದ ಫ್ಲಿಪ್‌ಕಾರ್ಟ್ ಅದೇ ಏಪ್ರಿಲಿನಲ್ಲಿ ಹೊರಬಂದಿತು.

ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್' ಯೋಜನೆಯೂ ಚರ್ಚೆಗೊಳಗಾಯಿತು. ಬಡವರಿಗೆ ಉಚಿತ ಅಂತರ್ಜಾಲ ಎಂಬ ವಾದ ಆಕರ್ಷಕವಾಗಿತ್ತು. ಆದರೆ ಉಚಿತವಾಗಿ ದೊರೆಯುತ್ತಿದ್ದುದು ಆಯ್ದ ತಾಣಗಳು ಮಾತ್ರ. ಫೇಸ್‌ಬುಕ್ ತನ್ನ ಬಳಕೆದಾರರಿಂದ ಲಕ್ಷಾಂತರ ಸಿದ್ಧಪಡಿಸಿದ ಪತ್ರಗಳನ್ನು ಕಳುಹಿಸಿತು. ಸಮಾಲೋಚನೆಯೆಂದರೆ ಮತ ಎಣಿಕೆಯಲ್ಲ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬೇಕು ಎಂದು ಟ್ರಾಯ್ ಸ್ಪಷ್ಟಪಡಿಸಿತು.

ಇಂದಿನ ನಿಯಮ

2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು. ಉಲ್ಲಂಘನೆಗೆ ದಿನಕ್ಕೆ 50,000 ರೂ.ನಂತೆ ಗರಿಷ್ಠ 50 ಲಕ್ಷ ರೂ. ದಂಡವಿದೆ. ತುರ್ತು ಸಂದರ್ಭಗಳಿಗೆ ವಿನಾಯಿತಿಯುಂಟು. 2018ರಲ್ಲಿ ಕೇಂದ್ರ ಸರಕಾರವು ತಟಸ್ಥತೆಯ ತತ್ತ್ವವನ್ನು ಒಪ್ಪಿ, ಸೇವಾದಾರರ ಪರವಾನಗಿ ಷರತ್ತುಗಳಲ್ಲಿಯೇ ಸೇರಿಸಿತು. ಆದುದರಿಂದ ತಾಣಗಳನ್ನು ತಾರತಮ್ಯದಿಂದ ತಡೆಯುವುದಾಗಲಿ, ನಿಧಾನಗೊಳಿಸುವುದಾಗಲಿ ಸಲ್ಲದು. ಹೆಚ್ಚು ವೇಗಕ್ಕೆ ಅಥವಾ ಹೆಚ್ಚು ಡೇಟಾಕ್ಕೆ ಹೆಚ್ಚು ದರ ಪಡೆಯುವುದು ತಾರತಮ್ಯವಲ್ಲ. ಒಳಗಿನ ವಿಷಯ ಯಾವುದೆಂದು ನೋಡಿ ದರ ಬದಲಿಸುವುದು ತಾರತಮ್ಯ.

ನಮಗೇನು ಪ್ರಯೋಜನ?

ಶಂಕರಪುರದ ಮಲ್ಲಿಗೆ ವ್ಯಾಪಾರಿ, ಉಡುಪಿ ಸೀರೆಯ ನೇಕಾರರ ಸಂಘ, ಕಾರ್ಕಳದ ಶಿಲ್ಪಶಾಲೆ, ಮಣಿಪಾಲದ ಹೊಸ ತಂತ್ರಾಂಶ ಸಂಸ್ಥೆ: ಇವರಲ್ಲಿ ಯಾರೇ ಸ್ವಂತ ಜಾಲತಾಣ ತೆರೆದರೂ, ಗಿರಾಕಿಯ ಮೊಬೈಲಿಗೆ ತಲುಪಲು ದೂರಸಂಪರ್ಕ ಸಂಸ್ಥೆಯೊಂದಿಗೆ ಪ್ರತ್ಯೇಕ ಒಪ್ಪಂದ ಬೇಕಿಲ್ಲ. ಅಂತಹ ಒಪ್ಪಂದ ಅನಿವಾರ್ಯವಾಗಿದ್ದಲ್ಲಿ, ಅದರ ವೆಚ್ಚವನ್ನು ದೊಡ್ಡ ಮಾರಾಟ ತಾಣಗಳು ಭರಿಸುತ್ತಿದ್ದವು. ಸಣ್ಣವರು ಅವುಗಳ ಆಶ್ರಯದಲ್ಲಿ ಕಮಿಷನ್ ತೆತ್ತು ಮಾರಬೇಕಾಗುತ್ತಿತ್ತು.

ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಅಮೆರಿಕದಲ್ಲಿ 2015ರ ನಿಯಮ 2017ರಲ್ಲಿ ರದ್ದಾಯಿತು. 2024ರಲ್ಲಿ ಮರಳಿ ಜಾರಿಗೊಳಿಸಲು ಮಾಡಿದ ಯತ್ನವನ್ನು 2025ರ ಜನವರಿಯಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಭಾರತದಲ್ಲಿಯೂ ಹೆಚ್ಚು ಡೇಟಾ ಹರಿಸುವ ಕಂಪನಿಗಳು ಜಾಲದ ವೆಚ್ಚದಲ್ಲಿ ಪಾಲು ನೀಡಬೇಕೆಂದು ದೂರಸಂಪರ್ಕ ಸಂಸ್ಥೆಗಳು ಕೇಳಿವೆ. ಜಾಲ ವಿಸ್ತರಣೆಗೆ ಬಂಡವಾಳ ಬೇಕೆಂಬ ಅವರ ಮಾತು ಸುಳ್ಳಲ್ಲ. ಆದರೆ ಆ ಹೊರೆ ಕೊನೆಗೆ ಯಾರ ಹೆಗಲಿಗೆ ಬೀಳುವುದೆಂಬುದನ್ನು ವರ್ತಕರು ಕೇಳಲೇಬೇಕು.

ಟ್ರಾಯ್‌ನ ಸಮಾಲೋಚನಾ ಪತ್ರಗಳು ಅದರ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಯಾರು ಬೇಕಾದರೂ ಅಭಿಪ್ರಾಯ ಸಲ್ಲಿಸಬಹುದು. ಸದಸ್ಯರು ತಮ್ಮ ಅನುಭವವನ್ನು ದಿನಾಂಕ, ದರ ಹಾಗೂ ಬಿಲ್ಲುಗಳ ಸಹಿತ ಬರೆದಿಟ್ಟಲ್ಲಿ, ಮುಂದಿನ ಪತ್ರ ಬಂದಾಗ ಪ್ರಶ್ನೆಗೆ ತಕ್ಕ ಉತ್ತರವನ್ನು ಒಟ್ಟಾಗಿ ಕಳುಹಿಸಬಹುದು. ಬರಿಯ ಸಹಿಗಿಂತ ಇಂತಹ ಒಂದು ಪುಟಕ್ಕೆ ತೂಕ ಹೆಚ್ಚು.