ಮಿಶ್ರ ಬೋಧನೆ ಎಂದರೇನು?

ಪಾಠದ ಒಂದು ಭಾಗವನ್ನು ತರಗತಿಯಲ್ಲಿ ಎದುರೆದುರು ಕುಳಿತು, ಇನ್ನೊಂದು ಭಾಗವನ್ನು ಅಂತರ್ಜಾಲದ ಕಲಿಕಾ ವೇದಿಕೆಯ ಮೂಲಕ ಕಲಿಸುವ ಕ್ರಮಕ್ಕೆ ಮಿಶ್ರ ಬೋಧನೆ ಎಂದು ಹೆಸರು. ವಿಶ್ವವಿದ್ಯಾಲಯಗಳಲ್ಲಿ ಇದು ಹೊಸತಲ್ಲ. ಬಾಲ್ಯದಲ್ಲಿ ಆಸ್ಟ್ರೇಲಿಯದ ಮರುಭೂಮಿಯಲ್ಲಿದ್ದು ರೇಡಿಯೋ ಮೂಲಕ ಶಾಲಾಪಾಠ ಕೇಳಿದ ಮಾರ್ಟಿನ್ ಡೂಗಿಯಾಮಸ್ ಎಂಬವರು 2002ರಲ್ಲಿ 'ಮೂಡಲ್' ಎಂಬ ವೇದಿಕೆಯನ್ನು ಹೊರತಂದರು. ನಮ್ಮ ದೇಶದ 'ಸ್ವಯಂ' ಆರಂಭವಾದದ್ದು 2017ರಲ್ಲಿ.

ವೇದಿಕೆ ಒಂದೇ ಆದರೂ ಅಧ್ಯಾಪಕರು ಅದನ್ನು ಬಳಸುವ ರೀತಿ ಬೇರೆ ಬೇರೆ. ಕೆಲವರು ತಮ್ಮ ಟಿಪ್ಪಣಿಯನ್ನು ಅದರಲ್ಲಿ ಹಾಕಿ, ತರಗತಿಯಲ್ಲಿ ಅದನ್ನೇ ಮತ್ತೆ ಓದಿ ಹೇಳುತ್ತಾರೆ. ಆಗ ಅದು ಪುಸ್ತಕದ ಕಪಾಟು ಮಾತ್ರ. ಇನ್ನು ಕೆಲವರು ಕ್ರಮವನ್ನೇ ಬದಲಿಸುತ್ತಾರೆ. ವಿದ್ಯಾರ್ಥಿಗಳು ಪಾಠವನ್ನು ಮೊದಲೇ ಓದಿಬರಬೇಕು, ತರಗತಿಯ ವೇಳೆ ಪ್ರಶ್ನೆಗಳ ಚರ್ಚೆಗೆ ಮೀಸಲು ಎಂಬ ಪದ್ಧತಿಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿಯೇ ನಡೆಸಿದರು. ಇಂದು ಆ ಮುಂಗಡ ಓದಿಗೆ ವೇದಿಕೆ ನೆರವಾಗುತ್ತದೆ. ವಿದ್ಯಾರ್ಥಿಗಳು ಮನೆಯಲ್ಲಿ ಪಾಠ ನೋಡಿ ನಾಲ್ಕಾರು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಹೆಚ್ಚಿನವರು ಎಲ್ಲಿ ತಪ್ಪಿದರೆಂಬುದು ಅಧ್ಯಾಪಕರಿಗೆ ಮೊದಲೇ ತಿಳಿಯುತ್ತದೆ. ಮರುದಿನದ ಪಾಠ ಅಲ್ಲಿಂದಲೇ ಆರಂಭ.

ಕನ್ನಡ ಮಾಧ್ಯಮದಲ್ಲಿ ಕಲಿತು ಇಂಗ್ಲಿಷಿನ ತರಗತಿಗೆ ಕಾಲಿಡುವ ನಮ್ಮ ಗಡಿನಾಡಿನ ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರವುಂಟು. ಒಂದು ಸಲ ಕೇಳಿ ಅರ್ಥವಾಗದ ಪಾಠವನ್ನು ನಿಲ್ಲಿಸಿ, ನಿಘಂಟು ನೋಡಿ, ಮೂರು ಸಲ ಕೇಳಬಹುದು. ಆದರೆ ಮುಖ ನೋಡಿಯೇ ಸಂದೇಹವನ್ನು ಅರಿತುಕೊಳ್ಳುವ ಗುರುವಿನ ಸ್ಥಾನ ಪರದೆಗೆ ಬಾರದು. ಆದುದರಿಂದ, ವಿದ್ಯಾರ್ಥಿ ಮಿತ್ರರೇ, ನಾಳೆ ಕಾಲೇಜು ಸೇರಿದಾಗ ಪಾಠವನ್ನು ಪರದೆಯಲ್ಲಿ ಕೇಳಿರಿ, ಪ್ರಶ್ನೆಯನ್ನು ತರಗತಿಗೆ ಒಯ್ಯಿರಿ.